ಹೊಸ ವಿಂಡೋಸು, ಹಳೆಯ ನೆಟ್‌ವರ್ಕ್ ಕಾರ್ಡು

ಆಪರೇಟಿಂಗ್ ಸಿಸ್ಟಮ್ಮನ್ನು ಮೇಲಿನ ಆವೃತ್ತಿಗೆ ಏರಿಸಿದಾಗ ಕೈಕೊಡುವ ಭಾಗಗಳು ಹಲವು: ಪ್ರಿಂಟರು, ಸ್ಕ್ಯಾನರು, ಧ್ವನಿ, ಕೆಲವೊಮ್ಮೆ ಪರದೆ. ಇವುಗಳಲ್ಲಿ ಹೆಚ್ಚು ಕಾಡುವುದು ನೆಟ್‌ವರ್ಕ್ ಕಾರ್ಡು. ಪ್ರಿಂಟರಿನ ಡ್ರೈವರ್ ಹೋದರೆ ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಹೋದರೆ ಇಳಿಸಿಕೊಳ್ಳುವ ದಾರಿಯೇ ಮುಚ್ಚುತ್ತದೆ. ಕೊಡ, ಹಗ್ಗ ಎರಡೂ ಬಾವಿಗೆ ಬಿದ್ದು, ಮೇಲೆತ್ತಲು ಮತ್ತೆ ಅದೇ ಹಗ್ಗ ಬೇಕಾದಂಥ ಸ್ಥಿತಿ.

ಡ್ರೈವರ್ ಎಂದರೆ ಕಾರ್ಡಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ನಿಂತು ಇವರ ಮಾತನ್ನು ಅವರಿಗೆ ತಲುಪಿಸುವ ತಂತ್ರಾಂಶ. ರಾಣೆಬೆನ್ನೂರು ಸೀಮೆಯ ಒಕ್ಕಲುತನದ ಮಾತಿನಲ್ಲಿ ಹೇಳುವುದಾದರೆ ಅದು ನೊಗ. ಗಿಡ್ಡ ಎತ್ತುಗಳಿಗೆಂದು ಮಾಡಿಸಿದ ನೊಗ ಹೊಸದಾಗಿ ಕೊಂಡುತಂದ ಎತ್ತರದ ಜೋಡಿಯ ಹೆಗಲಿಗೆ ಕೂರುವುದಿಲ್ಲ. ಎತ್ತಿಗೂ ದೋಷವಿಲ್ಲ, ಕುಂಟೆಗೂ ದೋಷವಿಲ್ಲ. ಹೊಲ ಮಾತ್ರ ಹರಗದೆ ಉಳಿಯುತ್ತದೆ. ವಿಂಡೋಸಿನಲ್ಲಿ ಈ ನೊಗದ ಅಳತೆಗೆ ಎನ್‌ಡಿಐಎಸ್ ಎಂದು ಹೆಸರು. ಮೈಕ್ರೋಸಾಫ್ಟ್ ಮತ್ತು 3ಕಾಮ್ ಕಂಪನಿಗಳು ಕೂಡಿ ರೂಪಿಸಿದ ಕಟ್ಟಳೆ ಅದು. ಎಕ್ಸ್‌ಪಿಯಲ್ಲಿ ಅದರ ಆವೃತ್ತಿ 5.1 ಇತ್ತು. ವಿಸ್ಟಾದಲ್ಲಿ 6.0, ವಿಂಡೋಸ್ 7ರಲ್ಲಿ 6.20, ವಿಂಡೋಸ್ 8ರಲ್ಲಿ 6.30 ಆಯಿತು. ಐದರಿಂದ ಆರಕ್ಕೆ ದಾಟಿದ್ದೇ ದೊಡ್ಡ ಬದಲಾವಣೆ. ಆದ್ದರಿಂದ ಎಕ್ಸ್‌ಪಿ ಕಾಲದ ಡ್ರೈವರನ್ನು ಇಂದಿನ ವಿಂಡೋಸಿಗೆ ಹಾಕುವ ಯತ್ನ ವ್ಯರ್ಥ. ವಿಂಡೋಸ್ 7ರ ಡ್ರೈವರು ಮಾತ್ರ ಬಹಳಷ್ಟು ಸಲ 10ರಲ್ಲೂ 11ರಲ್ಲೂ ನಡೆಯುತ್ತದೆ. ಒಂದು ಷರತ್ತಿದೆ: 64 ಬಿಟ್‌ನ ವಿಂಡೋಸಿಗೆ 64 ಬಿಟ್‌ನ ಡ್ರೈವರೇ ಬೇಕು, ಮತ್ತು ಅದಕ್ಕೆ ವಿಂಡೋಸ್ ಒಪ್ಪುವ ಡಿಜಿಟಲ್ ಸಹಿ ಇರಬೇಕು.

ಈ ತೊಂದರೆ ಯಾರಿಗೆ ತಟ್ಟುತ್ತದೆ ಎಂಬುದಕ್ಕೆ ಕುಪ್ಪೇಲೂರನ್ನು ನೋಡಬಹುದು. ಅದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಒಂದು ಹೋಬಳಿ ಊರು. ಇಂಥ ಊರುಗಳಲ್ಲಿ ಕಂಪ್ಯೂಟರು ಮನೆಯ ವಸ್ತುವಾಗುವುದಕ್ಕಿಂತ ಮೊದಲೇ ಊರಿನ ವಸ್ತುವಾಯಿತು. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋಗಿ, ಕೈಬರಹದ ಪಹಣಿ ನಿಂತು ಎರಡು ದಶಕ ದಾಟಿದೆ. ಜಾತಿ, ಆದಾಯದ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ, ಮನೆ ಜಾಗದ ಇ-ಸ್ವತ್ತು ಗ್ರಾಮ ಪಂಚಾಯಿತಿಯಲ್ಲಿ, ಉಳಿದ ಅನೇಕ ಅರ್ಜಿಗಳು ಗ್ರಾಮ ಒನ್ ಕೇಂದ್ರಗಳಲ್ಲಿ ಆಗುತ್ತವೆ. ಪಂಚಾಯಿತಿಗಳಿಗೆ ಫೈಬರ್ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಇಂದು ಅದರ ಹೆಸರು ಭಾರತ್‌ನೆಟ್. ಇಷ್ಟೆಲ್ಲ ಏರ್ಪಾಡು ಕೊನೆಗೆ ಬಂದು ಸೇರುವುದು ಮೇಜಿನ ಕೆಳಗಿನ ಡಬ್ಬಿಯ ಹಿಂಬದಿಯಲ್ಲಿರುವ ಒಂದು ಚೌಕ ತೂತಿಗೆ. ಆ ತೂತಿನ ಹಿಂದಿನ ಕಾರ್ಡು ಹೊಸ ವಿಂಡೋಸಿನೊಡನೆ ಮಾತಾಡದ ದಿನ ಕಿಟಕಿಯಾಚೆಗೆ ಕೇಳಿಸುವ ಮಾತು ಒಂದೇ: “ನೆಟ್ ಬರವಲ್ದ್ರೀ, ನಾಳೆ ಬರ್ರಿ.” ಶೇಂಗಾ ಕೀಳುವ ಕೆಲಸ ಬಿಟ್ಟು ಬಸ್ಸು ಹತ್ತಿ ಬಂದವರಿಗೆ ಆ ನಾಳೆ ಎಂದರೆ ಇನ್ನೊಂದು ದಿನದ ಕೂಲಿ.

ಹಾಗೆಂದು ವಿಂಡೋಸನ್ನು ಏರಿಸುವುದನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಪ್ರತಿ ಗಡುವಿನ ಹಿಂದೆಮುಂದೆ ಹಳೆಯ ಯಂತ್ರಗಳ ಮೇಲೆ ಹೊಸ ವಿಂಡೋಸು ಕೂರುತ್ತದೆ. ಪ್ರತಿ ಸಲವೂ ಕೆಲವು ಕಾರ್ಡುಗಳು ಮೌನವಾಗುತ್ತವೆ.

ಆಗ ತಾಲ್ಲೂಕು ಊರುಗಳ ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವ ಚಿಕಿತ್ಸೆಗೆ “ಫಾರ್ಮ್ಯಾಟ್ ಹೊಡೆಯುವುದು” ಎಂದು ಹೆಸರು. ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸನ್ನು ಮೊದಲಿನಿಂದ ಹಾಕುತ್ತಾರೆ. ಇದರಿಂದ ನೆಟ್ ಬಂದರೂ ಬರಬಹುದು, ಆದರೆ ಹೋಗುವುದು ಬಹಳ. ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಯೂನಿಕೋಡಿಗೆ ಮುಂಚಿನವು. ಅವು ಹೋದರೆ ವರ್ಷಗಟ್ಟಲೆ ಟೈಪಿಸಿಟ್ಟ ಪತ್ರಗಳು ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ, ಪ್ರಿಂಟರು, ಪ್ರತಿಯೊಂದಕ್ಕೂ ಮತ್ತೆ ತಂತ್ರಾಂಶ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ವಿಂಡೋಸ್ ತನ್ನನ್ನು ತಾನು ಏರಿಸಿಕೊಳ್ಳುವಾಗ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ; ಸಿ ಡ್ರೈವಿನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಸುಮಾರು ಹತ್ತು ದಿನ ಇಟ್ಟಿರುತ್ತದೆ. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ನೆಟ್‌ವರ್ಕ್ ಡ್ರೈವರ್ ಅದರೊಳಗೇ ಇರುತ್ತದೆ. ಊರೆಲ್ಲ ಹುಡುಕುವ ವಸ್ತು ಮನೆಯ ಅಟ್ಟದ ಮೇಲಿರುವಾಗ ಫಾರ್ಮ್ಯಾಟ್ ಅಟ್ಟವನ್ನೇ ಸುಟ್ಟುಬಿಡುತ್ತದೆ. ಆದ್ದರಿಂದ ಫಾರ್ಮ್ಯಾಟ್ ಕೊನೆಯ ಉಪಾಯವಾಗಿಯೇ ಉಳಿಯಬೇಕು.

ದೋಷ ಹುಡುಕುವ ಕೆಲಸ ತಂತಿಯಿಂದ ಶುರುವಾಗಬೇಕು. ಅಪ್‌ಗ್ರೇಡ್ ಆದ ದಿನವೇ ಇಲಿ ತಂತಿ ಕಡಿದಿರಬಹುದು, ರೂಟರಿನ ಅಡಾಪ್ಟರ್ ಸಡಿಲವಾಗಿರಬಹುದು. ತಂತಿ ಸಿಕ್ಕಿಸುವ ತೂತಿನ ಬಳಿ ಎರಡು ಪುಟ್ಟ ದೀಪಗಳಿರುತ್ತವೆ. ಅವು ಹೊತ್ತಿ ಮಿಣುಕುತ್ತಿದ್ದರೆ ತಂತಿ ಮತ್ತು ಕಾರ್ಡಿನ ವಿದ್ಯುತ್ ಭಾಗ ನೆಟ್ಟಗಿವೆ ಎಂದು ತಿಳಿಯಬಹುದು. ಅದೇ ರೂಟರಿನ ವೈಫೈಗೆ ಮೊಬೈಲನ್ನು ಜೋಡಿಸಿ ನೋಡಿದರೆ ದೋಷ ಊರಿನ ತಂತಿಯದೋ ಯಂತ್ರದ್ದೋ ಎಂಬುದು ಒಂದು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ.

ಎರಡನೆಯ ಹೆಜ್ಜೆ ರೀಸ್ಟಾರ್ಟ್. ಇದು ತೀರ ಸಣ್ಣ ಮಾತೆನಿಸಿದರೂ ಇದರ ಹಿಂದೆ ಗಟ್ಟಿ ಕಾರಣವಿದೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದಿದೆ. ಅದು ಚಾಲೂ ಇದ್ದಾಗ ಶಟ್ ಡೌನ್ ಕೊಟ್ಟರೆ ಯಂತ್ರ ಪೂರ್ತಿ ಆರುವುದಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನೂ ಡ್ರೈವರುಗಳನ್ನೂ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಸ್ಥಿತಿಯಲ್ಲಿದ್ದ ಡ್ರೈವರು ಕೆಟ್ಟ ಸ್ಥಿತಿಯಲ್ಲೇ ಏಳುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. 2016ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಬೇರೆ ಕಡೆಗಳಲ್ಲಿಯೂ ವಿಂಡೋಸ್ 10ರ ಬಹಳ ಯಂತ್ರಗಳು ಅಂತರ್ಜಾಲ ಕಳೆದುಕೊಂಡಾಗ ಮೈಕ್ರೋಸಾಫ್ಟ್ ತನ್ನ ಗ್ರಾಹಕರಿಗೆ ಮೊದಲು ಹೇಳಿದ್ದು ಇದನ್ನೇ: ಶಟ್ ಡೌನ್ ಮಾಡಬೇಡಿ, ರೀಸ್ಟಾರ್ಟ್ ಮಾಡಿ.

ಮೂರನೆಯದು ಡಿವೈಸ್ ಮ್ಯಾನೇಜರ್. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ಅದಿರುತ್ತದೆ. ಯಂತ್ರದ ಪ್ರತಿಯೊಂದು ಭಾಗದ ಹೆಸರೂ ಅಲ್ಲಿ ಕಾಣುತ್ತದೆ. ತೊಂದರೆಯಿರುವುದಕ್ಕೆ ಹಳದಿ ತ್ರಿಕೋನದ ಗುರುತಿರುತ್ತದೆ. ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಒಂದು ಕೋಡ್ ಸಂಖ್ಯೆ ಸಿಗುತ್ತದೆ. ಬಹಳ ಮಂದಿ ಓದದೆ ಬಿಡುವ ಈ ಸಂಖ್ಯೆಯೇ ಅರ್ಧ ಚಿಕಿತ್ಸೆ. ಕೋಡ್ 22 ಬಂದರೆ ಕಾರ್ಡನ್ನು ಯಾರೋ ನಿಲ್ಲಿಸಿಟ್ಟಿದ್ದಾರೆ, ಎನೇಬಲ್ ಒತ್ತಿದರೆ ಮುಗಿಯಿತು. 28 ಎಂದರೆ ಡ್ರೈವರೇ ಇಲ್ಲ. 10 ಎಂದರೆ ಡ್ರೈವರ್ ಇದೆ, ಕಾರ್ಡನ್ನು ಎಬ್ಬಿಸಲಾಗುತ್ತಿಲ್ಲ. ಹೊಂದದ ಡ್ರೈವರ್ ಬಂದು ಕೂತಾಗ ಇದು ಕಾಣುತ್ತದೆ. 52 ಎಂದರೆ ಡ್ರೈವರಿನ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ. 56 ಎಂಬುದು ವಿಂಡೋಸ್ 10ಕ್ಕೆ ಏರಿದ ಹೊಸದರಲ್ಲಿ ಹಲವರನ್ನು ಗೋಳಾಡಿಸಿದ ಸಂಖ್ಯೆ. ಅದಕ್ಕೆ ಕಾರಣ ಕಾರ್ಡಿನ ಡ್ರೈವರಲ್ಲ. ಹಳೆಯ ವಿಪಿಎನ್ ತಂತ್ರಾಂಶ ಜಾಲದ ದಾರಿಯಲ್ಲಿ ಕಟ್ಟಿಟ್ಟಿದ್ದ ತಡೆ. ಆ ವಿಪಿಎನ್ ತೆಗೆದು ರೀಸ್ಟಾರ್ಟ್ ಮಾಡಿದರೆ ದಾರಿ ತೆರೆಯುತ್ತದೆ. ಅವಧಿ ಮುಗಿದ ಆಂಟಿವೈರಸ್ಸುಗಳೂ ಹೀಗೆಯೇ ಅಡ್ಡ ನಿಲ್ಲುವುದುಂಟು.

ಕಾರ್ಡಿನ ಹೆಸರು ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದಿದ್ದರೆ ಅದು ಬೇರೆ ಮಾತು. ಆಗ ಯಂತ್ರ ಏಳುವ ಹೊತ್ತಿನಲ್ಲಿ ತೆರೆಯುವ ಬಯೋಸ್ ಪುಟಕ್ಕೆ ಹೋಗಿ ಅಲ್ಲಿ ಲ್ಯಾನ್, ಅಂದರೆ ತಂತಿಯ ನೆಟ್ಟಿನ ಕಾರ್ಡು, ಚಾಲೂ ಇದೆಯೇ ಎಂದು ನೋಡಬೇಕು. ಅಲ್ಲಿ ಚಾಲೂ ಇದ್ದೂ ವಿಂಡೋಸಿಗೆ ಕಾಣದಿದ್ದರೆ ಕಾರ್ಡು ನಿಜವಾಗಿ ಸತ್ತಿರಬಹುದು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ತಾಮ್ರದ ತಂತಿಯ ಮೂಲಕ ಬಂದ ಹೊಡೆತಕ್ಕೆ ಮೊದಲು ಬಲಿಯಾಗುವ ಭಾಗಗಳಲ್ಲಿ ಲ್ಯಾನ್ ಕಾರ್ಡೂ ಒಂದು. ಅಪ್‌ಗ್ರೇಡಿಗೂ ಅದಕ್ಕೂ ಸಂಬಂಧವಿಲ್ಲ.

ಕೋಡ್ 28 ಬಂದವರಿಗೆ ಮುಂದಿನ ಪ್ರಶ್ನೆ: ಇದು ಯಾವ ಕಾರ್ಡು? ಪಟ್ಟಿಯಲ್ಲಿ “ಈಥರ್ನೆಟ್ ಕಂಟ್ರೋಲರ್” ಎಂದಷ್ಟೇ ಇರುತ್ತದೆ, ತಯಾರಕರ ಹೆಸರಿರುವುದಿಲ್ಲ. ಡಬ್ಬಿಯ ಮೇಲಿನ ಹೆಸರನ್ನು ನಂಬಲಾಗದು. ಒಂದೇ ಮಾದರಿಯ ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಕಾರ್ಡು ಹಾಕಿರುತ್ತಾರೆ. ನಂಬಬೇಕಾದದ್ದು ಕಾರ್ಡಿನೊಳಗೇ ಕೊರೆದಿಟ್ಟ ಗುರುತನ್ನು. ಡಿವೈಸ್ ಮ್ಯಾನೇಜರಿನಲ್ಲಿ ಡೀಟೇಲ್ಸ್ ಎಂಬ ಪುಟ ತೆರೆದು ಹಾರ್ಡ್‌ವೇರ್ ಐಡಿ ಆರಿಸಿದರೆ ಒಂದು ಉದ್ದ ಸಾಲು ಬರುತ್ತದೆ. ಅದರಲ್ಲಿ ವಿಇಎನ್ ಎಂಬುದರ ಮುಂದಿನ ನಾಲ್ಕು ಸ್ಥಾನ ಚಿಪ್ ತಯಾರಿಸಿದವರದು, ಡಿಇವಿ ಎಂಬುದರ ಮುಂದಿನ ನಾಲ್ಕು ಸ್ಥಾನ ಚಿಪ್ಪಿನದು. ಮನುಷ್ಯರಿಗೆ ಮನೆತನದ ಹೆಸರು, ಸ್ವಂತ ಹೆಸರು ಇದ್ದ ಹಾಗೆ. 10ಇಸಿ ಎಂದರೆ ತೈವಾನಿನ ರಿಯಲ್‌ಟೆಕ್. 8086 ಎಂದರೆ ಇಂಟೆಲ್; ಆ ಕಂಪನಿ 1978ರಲ್ಲಿ ಹೊರತಂದ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯೇ ಅದರ ಮನೆತನದ ಗುರುತೂ ಆಗಿದೆ. 14ಇ4 ಬ್ರಾಡ್‌ಕಾಮ್, 168ಸಿ ಅಥೆರಾಸ್. ನಮ್ಮ ಕಚೇರಿಗಳ ಅಗ್ಗದ ಯಂತ್ರಗಳಲ್ಲಿ ಬಹಳವಾಗಿ ಕಾಣುವುದು ರಿಯಲ್‌ಟೆಕ್. 8139 ಎಂದಿದ್ದರೆ ಸೆಕೆಂಡಿಗೆ 100 ಮೆಗಾಬಿಟ್‌ನ ಹಳೆಯ ಕಾರ್ಡು, 8168 ಎಂದಿದ್ದರೆ ಗಿಗಾಬಿಟ್‌ನದು. ಈ ಎಂಟು ಸ್ಥಾನಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರೆ ಕತ್ತಲಲ್ಲಿ ತಡಕುವುದು ತಪ್ಪುತ್ತದೆ.

ಇನ್ನು ಡ್ರೈವರ್ ತರುವುದು. ಮೊದಲ ಜಾಗ ಆಗಲೇ ಹೇಳಿದ ವಿಂಡೋಸ್ ಡಾಟ್ ಓಲ್ಡ್. ಅದರೊಳಗೆ ವಿಂಡೋಸ್, ಸಿಸ್ಟಮ್32, ಡ್ರೈವರ್‌ಸ್ಟೋರ್, ಫೈಲ್ ರೆಪಾಸಿಟರಿ ಎಂದು ಒಂದರೊಳಗೊಂದು ಫೋಲ್ಡರುಗಳಿವೆ. ಡಿವೈಸ್ ಮ್ಯಾನೇಜರಿನಲ್ಲಿ ಅಪ್‌ಡೇಟ್ ಡ್ರೈವರ್ ಒತ್ತಿ, ಅಂತರ್ಜಾಲದಲ್ಲಿ ಹುಡುಕುವುದನ್ನು ಬಿಟ್ಟು ಕಂಪ್ಯೂಟರಿನಲ್ಲೇ ಹುಡುಕುವ ಆಯ್ಕೆ ತೆಗೆದುಕೊಂಡು, ಈ ಫೋಲ್ಡರನ್ನು ತೋರಿಸಿ, ಒಳಗಿನ ಫೋಲ್ಡರುಗಳನ್ನೂ ನೋಡು ಎಂಬ ಚೌಕಕ್ಕೆ ಗುರುತು ಹಾಕಬೇಕು. ಹಳೆಯ ವಿಂಡೋಸಿನ ಡ್ರೈವರು ಹೊಸದಕ್ಕೆ ಒಗ್ಗುವಂಥದ್ದಾದರೆ ಕೆಲವೇ ನಿಮಿಷಗಳಲ್ಲಿ ಹಳದಿ ಗುರುತು ಹೋಗುತ್ತದೆ.

ಎರಡನೆಯ ದಾರಿ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜರಿನ ತಂತಿಯಿಂದ ಕಂಪ್ಯೂಟರಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದರೆ ಮೊಬೈಲೇ ನೆಟ್‌ವರ್ಕ್ ಕಾರ್ಡಿನಂತೆ ಕೆಲಸ ಮಾಡುತ್ತದೆ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸಿನ ಜೊತೆಗೇ ಬಂದಿರುತ್ತದೆ, ಹೊರಗಿನಿಂದ ಏನೂ ಬೇಡ. ಇನ್ನೊಂದು ಅನುಕೂಲ ಕಡಿಮೆ ಮಂದಿಗೆ ಗೊತ್ತು: ಮೊಬೈಲು ರೂಟರಿನ ವೈಫೈಗೆ ಜೋಡಿಕೊಂಡಿದ್ದರೆ ಬಹುಪಾಲು ಫೋನುಗಳಲ್ಲಿ ಆ ವೈಫೈಯ ನೆಟ್ಟೇ ತಂತಿಯ ಮೂಲಕ ಕಂಪ್ಯೂಟರಿಗೆ ಬರುತ್ತದೆ, ಮೊಬೈಲಿನ ಡೇಟಾ ಖರ್ಚಾಗುವುದಿಲ್ಲ. ಹೊಸ ಕಾರ್ಡು ಬರುವ ತನಕ ಕಚೇರಿಯ ಕೆಲಸವನ್ನೇ ಹೀಗೆ ನಡೆಸಬಹುದು. ಕಿಟಕಿಯಾಚೆ ನಿಂತವರನ್ನು ಮರಳಿ ಕಳಿಸದಿರಲು ಈ ಒಂದು ತಂತಿ ಸಾಕು.

ಡ್ರೈವರನ್ನು ಯಂತ್ರ ತಯಾರಿಸಿದ ಕಂಪನಿಯ ತಾಣದಿಂದ, ಅಲ್ಲಿಲ್ಲದಿದ್ದರೆ ಚಿಪ್ ತಯಾರಿಸಿದವರ ತಾಣದಿಂದ ಇಳಿಸಬೇಕು. ಎಲ್ಲ ಡ್ರೈವರುಗಳನ್ನೂ ತಾನೇ ಹುಡುಕಿ ಹಾಕುತ್ತೇನೆಂದು ಪುಕ್ಕಟೆ ಸಿಗುವ ಪ್ರೋಗ್ರಾಮುಗಳಿಂದ ದೂರವಿರುವುದು ಕ್ಷೇಮ. ಅವುಗಳಲ್ಲಿ ಎಷ್ಟೋ ಡ್ರೈವರಿನ ಜೊತೆ ಜಾಹೀರಾತನ್ನೂ ಬೇಡದ ತಂತ್ರಾಂಶವನ್ನೂ ತುಂಬುತ್ತವೆ. ರೈತರ ಪಹಣಿ, ಆಧಾರ್ ಓಡಾಡುವ ಯಂತ್ರದಲ್ಲಿ ಅಂಥವಕ್ಕೆ ಜಾಗವಿರಬಾರದು.

ಕೋಡ್ 10 ಬಂದು, ಡ್ರೈವರ್ ಇದ್ದೂ ಕಾರ್ಡು ಏಳದಿದ್ದಾಗ ಮೊದಲು ಡಿವೈಸ್ ಮ್ಯಾನೇಜರಿನ ಡ್ರೈವರ್ ಪುಟದಲ್ಲಿರುವ ರೋಲ್ ಬ್ಯಾಕ್ ಗುಂಡಿ ಒತ್ತಿ ನೋಡಬೇಕು. ಅದು ಮಸುಕಾಗಿದ್ದು ಒತ್ತಲು ಬರದಿದ್ದರೆ, ಅಪ್‌ಡೇಟ್ ಡ್ರೈವರಿನಲ್ಲಿ ಯಂತ್ರದಲ್ಲಿ ಈಗಾಗಲೇ ಇರುವ ಡ್ರೈವರುಗಳ ಪಟ್ಟಿಯನ್ನು ತೆರೆದು ಹಳೆಯ ದಿನಾಂಕದ್ದನ್ನು ಆರಿಸಬಹುದು. ಹೊಸದೇ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ವಿಂಡೋಸ್ ತಾನೇ ಹಾಕಿದ ಸಾಮಾನ್ಯ ಡ್ರೈವರಿಗಿಂತ ಆ ಚಿಪ್ಪಿಗೆಂದೇ ಬರೆದ ಹಿಂದಿನದು ಎಷ್ಟೋ ಸಲ ಮೇಲು. ನೆಟ್ ಬಂದು ಸ್ವಲ್ಪ ಹೊತ್ತಿಗೆ ತಾನಾಗಿ ಹೋಗುತ್ತಿದ್ದರೆ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಕಾರ್ಡನ್ನು ಆರಿಸಬಹುದು ಎಂಬ ಗುರುತನ್ನು ತೆಗೆಯಬೇಕು.

ಎಲ್ಲವೂ ಸರಿಯಿದ್ದು, ಹಳದಿ ಗುರುತಿಲ್ಲದೆಯೂ ನೆಟ್ ಇಲ್ಲದ ಸ್ಥಿತಿ ಉಂಟು. ಆಗ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಎಂಬ ಆಜ್ಞೆ ಕೊಟ್ಟು ವಿಳಾಸ ನೋಡಬೇಕು. ಅದು 169.254ರಿಂದ ಶುರುವಾಗಿದ್ದರೆ ರೂಟರಿನಿಂದ ಉತ್ತರ ಬಾರದೆ ಯಂತ್ರ ತನಗೆ ತಾನೇ ವಿಳಾಸ ಕೊಟ್ಟುಕೊಂಡಿದೆ ಎಂದರ್ಥ. ಕಚೇರಿಗಳಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಅಲ್ಲಿ ಗೊತ್ತುಪಡಿಸಿದ ಐಪಿ ವಿಳಾಸವನ್ನು ಕೈಯಾರೆ ತುಂಬಿರುತ್ತಾರೆ. ಅಪ್‌ಗ್ರೇಡ್ ಆದಾಗ ವಿಂಡೋಸ್ ಅದೇ ಕಾರ್ಡನ್ನು ಹೊಸ ಕಾರ್ಡೆಂದು ಬಗೆದು “ಈಥರ್ನೆಟ್ 2” ಎಂದು ಹೆಸರಿಡಬಹುದು. ತುಂಬಿದ್ದ ವಿಳಾಸ ಹಳೆಯ ಹೆಸರಿನ ಜೊತೆ ಹೋಗಿಬಿಡುತ್ತದೆ. ಡ್ರೈವರನ್ನು ಎಷ್ಟು ಸಲ ಹಾಕಿದರೂ ಇದು ಸರಿಹೋಗದು. ವಿಳಾಸವನ್ನು ಮತ್ತೆ ತುಂಬಿದರೆ ಮುಗಿಯಿತು. ಸೆಟ್ಟಿಂಗ್ಸಿನಲ್ಲಿರುವ ನೆಟ್‌ವರ್ಕ್ ರೀಸೆಟ್ ಒಳ್ಳೆಯ ಮದ್ದೇ, ಆದರೆ ಅದು ಕೈಯಾರೆ ತುಂಬಿದ ವಿಳಾಸವನ್ನೂ ವೈಫೈ ಪಾಸ್‌ವರ್ಡುಗಳನ್ನೂ ಅಳಿಸುತ್ತದೆ. ಒತ್ತುವ ಮುಂಚೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.

ಲಿನಕ್ಸಿನಲ್ಲಿ ಕಥೆ ಸ್ವಲ್ಪ ಬೇರೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರುಗಳಲ್ಲಿ ಕೇರಳ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ಲಿನಕ್ಸ್ ಇದೆ. ಅಲ್ಲಿನ ಮೇಷ್ಟ್ರುಗಳಿಗೆ ಇದು ಪರಿಚಿತ. ಲಿನಕ್ಸಿನಲ್ಲಿ ಬಹುತೇಕ ಡ್ರೈವರುಗಳು ಕರ್ನೆಲ್ಲಿನ, ಅಂದರೆ ಸಿಸ್ಟಮ್ಮಿನ ತಿರುಳಿನ, ಜೊತೆಗೇ ಬರುತ್ತವೆ. ಬ್ರಾಡ್‌ಕಾಮ್‌ನಂಥ ವೈಫೈ ಕಾರ್ಡುಗಳಿಗೆ ಮಾತ್ರ ಫರ್ಮ್‌ವೇರ್ ಎಂಬ ಬೇರೆ ಫೈಲು ಬೇಕು. ಡೆಬಿಯನ್ನಿನವರು ಇಂಥ ಫೈಲುಗಳನ್ನು ಮುಖ್ಯ ಇನ್‌ಸ್ಟಾಲರಿನಲ್ಲೇ ಸೇರಿಸಿದ್ದು 2023ರ ಆವೃತ್ತಿ 12ರಿಂದ. ಹೊರಗಿನಿಂದ ಹಾಕಿದ ಡ್ರೈವರು ಕರ್ನೆಲ್ ಬದಲಾದಾಗ ಕಳಚಿಕೊಳ್ಳಬಹುದು. ಆಗ ಯಂತ್ರ ಏಳುವ ಹೊತ್ತಿನಲ್ಲಿ ಗ್ರಬ್ ಪಟ್ಟಿಯಿಂದ ಹಿಂದಿನ ಕರ್ನೆಲ್ಲನ್ನು ಆರಿಸಿದರೆ ನೆಟ್ ಮರಳುತ್ತದೆ, ಮುಂದಿನ ದುರಸ್ತಿಯನ್ನು ನಿಧಾನವಾಗಿ ಮಾಡಿಕೊಳ್ಳಬಹುದು. ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕಾರ್ಡಿನ ಮನೆತನ, ಹೆಸರು, ಈಗ ಅದನ್ನು ನಡೆಸುತ್ತಿರುವ ಡ್ರೈವರ್ ಮೂರನ್ನೂ ಹೇಳಬಲ್ಲದು.

ಹೊಸ ಆವೃತ್ತಿಯೊಂದು ಕಾರ್ಡನ್ನೇ ಕೆಡಿಸಿದ ಉದಾಹರಣೆಯೂ ಇದೆ. 2008ರ ಸೆಪ್ಟೆಂಬರಿನ ಹೊತ್ತಿಗೆ ಪರೀಕ್ಷೆಯಲ್ಲಿದ್ದ ಲಿನಕ್ಸ್ 2.6.27 ಕರ್ನೆಲ್ಲನ್ನು ಹಾಕಿದ ಕೆಲವರ ಇಂಟೆಲ್ ಕಾರ್ಡುಗಳು ನಿಂತುಹೋದವು. ಹಳೆಯ ಕರ್ನೆಲ್ಲಿಗೆ ಮರಳಿದರೂ ಏಳಲಿಲ್ಲ. ಕಾರ್ಡಿನೊಳಗಿನ ಶಾಶ್ವತ ಸ್ಮೃತಿಯೇ ಅಳಿಸಿಹೋಗಿತ್ತು. ಎಲ್ಲರೂ ಮೊದಲು ಅನುಮಾನಿಸಿದ್ದು ಇ1000ಇ ಎಂಬ ಡ್ರೈವರನ್ನು. ವಾರಗಟ್ಟಲೆ ಹುಡುಕಿದ ಮೇಲೆ ಸಿಕ್ಕ ಅಪರಾಧಿ ಬೇರೆಯೇ: ಎಫ್‌ಟ್ರೇಸ್ ಎಂಬ ತಪಾಸಣಾ ಸೌಲಭ್ಯ ತನಗೆ ಸೇರದ ಜಾಗದಲ್ಲಿ ಬರೆಯುತ್ತಿತ್ತು, ಆ ಜಾಗ ಕಾರ್ಡಿನದಾಗಿತ್ತು. ಡ್ರೈವರಿನ ಮೇಲೆ ಕಾಣುವ ದೋಷಕ್ಕೆ ಡ್ರೈವರೇ ಕಾರಣವಾಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಾರದು.

ಕೆಲವು ಕಾರ್ಡುಗಳಿಗೆ ಹೊಸ ವಿಂಡೋಸಿನ ಡ್ರೈವರನ್ನು ತಯಾರಕರು ಬರೆಯುವುದೇ ಇಲ್ಲ. ಅಲ್ಲಿ ಹಟ ಹಿಡಿದು ಪ್ರಯೋಜನವಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ರಾಣೆಬೆನ್ನೂರಿನಂಥ ಪೇಟೆಯಲ್ಲಿ ಸಿಗುತ್ತದೆ. ಯಂತ್ರ ಬದಲಿಸುವುದಕ್ಕಿಂತ ಅದು ಅಗ್ಗ. ಅದೂ ಆಗದಿದ್ದರೆ, ಏರಿಸಿದ ಹತ್ತು ದಿನದೊಳಗೆ ಸೆಟ್ಟಿಂಗ್ಸಿನ ರಿಕವರಿ ಪುಟದಿಂದ ಹಿಂದಿನ ಆವೃತ್ತಿಗೆ ಮರಳಲು ವಿಂಡೋಸೇ ಅವಕಾಶ ಕೊಡುತ್ತದೆ. ಡಿಸ್ಕ್ ತುಂಬಿತೆಂದು ಈ ನಡುವೆ ವಿಂಡೋಸ್ ಡಾಟ್ ಓಲ್ಡ್ ಅಳಿಸಿದವರಿಗೆ ಆ ಬಾಗಿಲು ಮುಚ್ಚಿದಂತೆಯೇ.

ಇಷ್ಟು ಪಾಡು ಬೇಡವೆನ್ನುವವರು ಏರಿಸುವ ಹಿಂದಿನ ದಿನ ಮಾಡಬೇಕಾದದ್ದು ಇಷ್ಟೇ: ಹಾರ್ಡ್‌ವೇರ್ ಐಡಿ ಮತ್ತು ಐಪಿ ವಿಳಾಸದ ಫೋಟೊ ತೆಗೆಯುವುದು, ಹೊಸ ವಿಂಡೋಸಿನ ಡ್ರೈವರನ್ನು ಮೊದಲೇ ಇಳಿಸಿಡುವುದು, ಈಗಿನ ಡ್ರೈವರ್‌ಸ್ಟೋರಿನ ಫೈಲ್ ರೆಪಾಸಿಟರಿಯನ್ನು ಇದ್ದ ಹಾಗೇ ಪೆನ್ ಡ್ರೈವಿಗೆ ನಕಲು ಮಾಡುವುದು. ಆ ಪೆನ್ ಡ್ರೈವಿನ ಮೇಲೆ ಯಂತ್ರದ ಹೆಸರು ಬರೆದು ಕಚೇರಿಯ ಕಪಾಟಿನಲ್ಲೇ ಇಡಿ. ಮನೆಗೆ ಒಯ್ಯಬೇಡಿ, ಮುಂದೆ ಆ ಕುರ್ಚಿಗೆ ಬರುವವರಿಗೂ ಅದು ಬೇಕಾಗುತ್ತದೆ.